ನಟ್ಟನಡುವಿನ ಗೆರೆ

ಮಾರ್ಚ್ 3, ಸೋಮವಾರ

ಇಂದು ನನ್ನ ಗಂಟಲಿಗೆ ಮರುಜನ್ಮ! ವರ್ಷಗಟ್ಟಲೆ ಪೀಠೋಪಕರಣದ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಗುಂಡಿ ಒತ್ತುತ್ತಿರುವ ಈ ನಟನನ್ನು ಹುಡುಕಿಕೊಂಡು ಕಂಬ ಬಂದಿದ್ದ.

ಕಂಬನೆಂದರೆ ನನ್ನ ಹಳೆಯ ರಂಗದ ಜೊತೆಗಾರ. ಮೊದಲ ನಾಟಕದಲ್ಲಿ ಅರಮನೆಯ ಕಂಬವಾಗಿ ಎರಡು ಅಂಕ ಅಲ್ಲಾಡದೆ ನಿಂತು, ಮೂರನೆಯ ಅಂಕದಲ್ಲಿ ಸೀನಿದ ಮಹಾನುಭಾವ. ಆ ಹೆಸರು ಅಂದೇ ಅಂಟಿತು. ಈಗ ಅವನದೇ ಮಂಡಳಿ ಇದೆ, ಅವನದೇ ಬಸ್ಸಿದೆ.

"ಲೋ, ನ್ಯಾಯಾಧೀಶನ ಪಾತ್ರ ಖಾಲಿ ಇದೆ" ಅಂದ. "ಆ ಪಾತ್ರಕ್ಕೆ ಬೇಕಾದ ಗಂಟಲು ನಿನ್ನ ಬಿಟ್ಟು ಇನ್ಯಾರಿಗೂ ಇಲ್ಲ. ಇಪ್ಪತ್ಮೂರನೇ ತಾರೀಕು ಬೆಳಿಗ್ಗೆ ಬಸ್ಸು ಹೊರಡತ್ತೆ. ನೀನು ಹತ್ತಲಿಲ್ಲ ಅಂದ್ರೆ ನಾನೇ ಆ ಪಾತ್ರ ಮಾಡ್ಬೇಕು. ಜನ ಎದ್ದು ಹೋಗ್ತಾರೆ."

ಎಂಥ ಪಾತ್ರವದು! ಜೀವಮಾನವೆಲ್ಲ ಪರರಿಗೆ ತೀರ್ಪು ಕೊಟ್ಟವನು ಕೊನೆಯ ಅಂಕದಲ್ಲಿ ಪೀಠದಿಂದಿಳಿದು ತಾನೇ ಕಟಕಟೆಯಲ್ಲಿ ನಿಲ್ಲುತ್ತಾನೆ. ಮೂರು ಪುಟದ ಒಂದೇ ಮಾತು. ಅಡುಗೆಮನೆಯಲ್ಲಿ ನಿಂತು ಮೊದಲ ಪುಟವನ್ನು ಗರ್ಜಿಸಿದೆ: "ಈ ಪೀಠದಲ್ಲಿ ಕುಳಿತವನಿಗೂ ಎರಡು ಕೈಗಳಿವೆ, ಆ ಕೈಗಳನ್ನು ಎಂದಾದರೂ ನೋಡಿದ್ದೀರಾ!" ತಟ್ಟೆಗಳು ಝಣಝಣಿಸಿದವು. ಪಕ್ಕದ ಮನೆಯವರು ಗೋಡೆ ಗುದ್ದಿದರು. ಇದಕ್ಕಿಂತ ದೊಡ್ಡ ಚಪ್ಪಾಳೆ ಬೇಕೆ?

ನನ್ನವಳು ಹಲ್ಲಿನ ಡಾಕ್ಟರರ ಬಳಿ ಕೆಲಸಕ್ಕಿದ್ದಾಳೆ. "ಹೋಗಿ ಬನ್ನಿ. ಮನೇಲಿ ಕೂತು ಸಿಡುಕೋ ಬದಲು ಅಲ್ಲಿ ಹೋಗಿ ಕೂಗಾಡಿ. ದವಡೆಗೂ ವ್ಯಾಯಾಮ ಆಗತ್ತೆ" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ನೀರಾಡಿದ್ದನ್ನು ನಾನು ಕಂಡೆ.

ಉಳಿದಿರುವುದು ಒಂದೇ ಗಂಟು. ಇಪ್ಪತ್ತೆರಡಕ್ಕೆ ಅಂಗಡಿಯ ಐವತ್ತನೆಯ ವರ್ಷದ ಸಮಾರಂಭ. "ಅವತ್ತಿನ ಚಿತ್ರ ಗೋಡೆ ಮೇಲೆ ಸರಿಯಾಗಿ ಬರಲಿ, ಮಾರನೇ ದಿನವೇ ನಿನ್ನ ಬಿಟ್ಟೆ" ಎಂದು ದೊಡ್ಡ ಧಣಿ ಮಾತು ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೇನೆ. ರಂಗದ ಮೇಲೆ ಬೆಳೆದವನು ಕೊಟ್ಟ ಮಾತಿಗೆ ಬೆನ್ನು ತೋರಿಸಿಯಾನೆ?

ಮಾರ್ಚ್ 4, ಮಂಗಳವಾರ

ನನ್ನ ಸೆರೆಮನೆಯ ವರ್ಣನೆ ಇಲ್ಲಿ ಇರಲಿ. ಬಿಡುಗಡೆಯಾದ ಮೇಲೆ ಓದಿ ನಗಲು ಬೇಕು.

ಅಂಗಡಿಯ ಕೆಳಮಹಡಿಯ ದೊಡ್ಡ ಹಜಾರದಲ್ಲಿ ಹನ್ನೆರಡು ಪರದೆಗಳನ್ನು ಜೋಡಿಸಿ ಕಟ್ಟಿದ ವಿಡಿಯೊ ಗೋಡೆ ಇದೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು. ಹನ್ನೆರಡೂ ಸೇರಿ ಒಂದೇ ಚಿತ್ರ ತೋರಿಸಬೇಕು, ಬಂದ ಚಿತ್ರವನ್ನು ಅದಕ್ಕೆ ಹೊಂದಿಸುವವನು ನಾನು. ಬಂದ ಚಿತ್ರ ಎಂದಾದರೂ ತಾನಾಗಿ ಹೊಂದಿದ್ದುಂಟೆ? ಗೋಡೆ ವಿಪರೀತ ಅಗಲ. ಎಳೆದು ಹಿಗ್ಗಿಸಿದರೆ ಮನುಷ್ಯರೆಲ್ಲ ಕುಂಬಳಕಾಯಿ. ಮೇಲೆ ಕೆಳಗೆ ಕತ್ತರಿಸಿದರೆ ತಲೆ ಹೋಗುತ್ತದೆ, ಇಲ್ಲವೇ ಕಾಲು. ಏನೂ ಮಾಡದೆ ಬಿಟ್ಟರೆ ಎಡಬಲ ಕಪ್ಪು. ಕಪ್ಪು ಕಂಡರೆ ದೊಡ್ಡ ಧಣಿಗೆ ಉರಿ: "ಹನ್ನೆರಡು ತಂದಿದ್ದೀನಿ, ಹನ್ನೆರಡೂ ಉರೀಬೇಕು!"

ನಾನು ಕೂರುವುದು ಗೋಡೆಯ ಬೆನ್ನಿಗೆ. ಒಬ್ಬ ಮನುಷ್ಯ ಅಡ್ಡಡ್ಡ ಹೋಗಬಹುದಾದ ಓಣಿ. ಹನ್ನೆರಡು ಪರದೆಗಳ ಬಿಸಿಯುಸಿರು ನನ್ನ ಕತ್ತಿನ ಮೇಲೆ. ಬಾಗಿಲು ಹೊರಕ್ಕೆ ತೆರೆಯುತ್ತದೆ, ಬಾಗಿಲಿನ ಮುಂದೆ ಸೋಫಾ ವಿಭಾಗ. ಯಾವುದಾದರೂ ಸಂಸಾರ ಆ ಸೋಫಾದ ಮೇಲೆ ಕೂತು "ಬಣ್ಣ ಇದಾ ಅದಾ" ಎಂದು ಶುರುಮಾಡಿತೆಂದರೆ, ಅವರು ಏಳುವವರೆಗೆ ನಾನು ಬಂದಿ. ಇಂದು ಒಬ್ಬ ಅತ್ತೆ, ಒಬ್ಬ ಸೊಸೆ. ಊಟದ ಹೊತ್ತು ಮೀರಿತು. ಸೊಸೆ ಗೆದ್ದಳು, ಒಳಗಿನಿಂದಲೇ ಚಪ್ಪಾಳೆ ತಟ್ಟಿದೆ. ಇಬ್ಬರೂ ಕಿರುಚಿಕೊಂಡು ಎದ್ದರು, ನಾನು ಹೊರಬಂದೆ!

ಮಾರ್ಚ್ 7, ಶುಕ್ರವಾರ

ಅಯ್ಯೋ ಮೂಗೇ! ಇಂದಿನ ರಂಗದಲ್ಲಿ ನಾಯಕನೂ ಅದೇ, ಖಳನೂ ಅದೇ.

ಸಮಾರಂಭಕ್ಕೆಂದು ದೊಡ್ಡ ಧಣಿಯ ಭಾಷಣದ ವಿಡಿಯೊ ಬಂತು. ಧಣಿ ಚಿತ್ರದ ನಟ್ಟನಡುವೆ ನಿಂತಿದ್ದಾರೆ. ಎಂಥ ನಿಲುವು, ಎಂಥ ಕೋಟು! ಗೋಡೆಗೆ ಹಾಕಿದೆ. ನಾಲ್ಕು ಪರದೆಯ ಗೋಡೆಗೆ ನಡುವೆಂದರೆ ಯಾವುದು? ಎರಡನೆಯ ಪರದೆಗೂ ಮೂರನೆಯದಕ್ಕೂ ಮಧ್ಯದ ಸಂದು. ಬೆರಳಗಲದ ಕಪ್ಪು ಗೆರೆ ಧಣಿಯ ಹಣೆಯಿಂದಿಳಿದು, ಮೂಗನ್ನು ನುಂಗಿ, ಗಲ್ಲದವರೆಗೆ ಬಂತು.

"ನನ್ನ ಮೂಗೆಲ್ಲಯ್ಯಾ ನಾಟಕದೋನೇ?"

"ಸಂದಿನ ಹಿಂದಿದೆ ಧಣಿ. ಕಿಟಕಿ ಸರಳಿನ ಹಿಂದೆ ನಿಂತ ಹಾಗೆ ಅಂದ್ಕೊಳ್ಳಿ. ಮಿಕ್ಕಿದ್ದೆಲ್ಲ ನೇರವಾಗಿ ಕಾಣತ್ತೆ, ಸರಳಿನ ಹಿಂದಿರೋದು ಮಾತ್ರ ಕಾಣಲ್ಲ."

"ಈಚೆಗೆ ತಾ."

ತಂದೆ. ಸಂದಿನ ಹಿಂದೆ ಏನೂ ಅಡಗದಂತೆ ಮಾಡಿದರೆ ಚಿತ್ರ ಎರಡೂ ಕಡೆಗೆ ಸರಿಯುತ್ತದೆ. ಅರ್ಧ ಮೂಗು ಇತ್ತ, ಅರ್ಧ ಅತ್ತ, ನಡುವೆ ಗೆರೆ. ಧಣಿಯ ಮುಖ ಮದ್ದಳೆಯಷ್ಟು ಅಗಲವಾಯಿತು.

"ಆಗ ಒಂದೂ ಇರಲಿಲ್ಲ, ಈಗ ಎರಡಿದೆ! ಊರೆದುರಿಗೆ ನನ್ನ ಮೂಗು ಕೊಯ್ಯೋಕೆ ನಿನಗೆ ಕುಮ್ಮಕ್ಕು ಕೊಟ್ಟೋನು ಯಾರು, ನನ್ನ ತಮ್ಮನಾ?"

ಈ ನಾಲ್ಕರ ಕಥೆ ನನಗೆ ಗೊತ್ತು. ಗೋಡೆ ಕಟ್ಟುವಾಗ ಅಡ್ಡಕ್ಕೆ ಐದು ಪರದೆ ಬೇಕೆಂದು ದೊಡ್ಡ ಧಣಿ, ಮೂರು ಸಾಕೆಂದು ಅವರ ತಮ್ಮ ಚಿಕ್ಕ ಧಣಿ. ತಿಂಗಳುಗಟ್ಟಲೆ ಹಗ್ಗಜಗ್ಗಾಟ. ಕೊನೆಗೆ ನಾಲ್ಕಕ್ಕೆ ರಾಜಿ. ಐದಾಗಿದ್ದರೂ ನಡುವೆ ಒಂದು ಪರದೆ ಇರುತ್ತಿತ್ತು, ಮೂರಾಗಿದ್ದರೂ ಇರುತ್ತಿತ್ತು. ರಾಜಿಯಾದದ್ದಕ್ಕೆ ನಡುವೆ ಬಿರುಕು ಬಂತು!

"ಒಂಚೂರು ಎಡಕ್ಕೆ ನಿಂತು ಇನ್ನೊಂದು ಸಲ ಚಿತ್ರ ತೆಗೆಸಿಕೊಂಡ್ರೆ..." ಎಂದೆ.

"ಎಡಕ್ಕೆ ನಾನು ನಿಂತ್ರೆ ಬಲಕ್ಕೆ ಯಾರು ನಿಲ್ತಾರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು.

ಮಾರ್ಚ್ 9, ಭಾನುವಾರ

ಕಂಬ ತಾಲೀಮಿಗೆ ಬಂದ. ಒಂದು ಪುಟವನ್ನು ನಿಲ್ಲಿಸದೆ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಎರಡನೆಯ ಪುಟ ಅರ್ಧ ಬಂತು. ಉಳಿದದ್ದು ಬರಬೇಕೆನ್ನುವಷ್ಟರಲ್ಲಿ, ಕಂಬ ನಿಂತಿದ್ದ ಜಾಗದಲ್ಲಿ ಕಿಟಕಿಯ ಸರಳು ಅವನ ಕಿವಿಯ ಬಳಿ ಬರುತ್ತಿದ್ದುದು ಕಣ್ಣಿಗೆ ಚುಚ್ಚಿತು. ಒಂಚೂರು ಸರಿಯಯ್ಯ ಅಂದೆ. ಸರಿದ. ಆದರೆ ಮಾತು ಎಲ್ಲಿ ನಿಂತಿತ್ತೋ ಮರೆತುಹೋಯಿತು.

"ದೃಶ್ಯ ಸರಿಮಾಡೋನು ನಾನು, ನೀನು ಮಾತಾಡೋ ಮಾರಾಯ" ಅಂದ.

ಮಾರ್ಚ್ 11, ಮಂಗಳವಾರ

ದೊಡ್ಡ ಧಣಿ ಮಂಚಗಳ ಮಹಡಿಯಲ್ಲಿ ಕೂರುತ್ತಾರೆ, ಚಿಕ್ಕ ಧಣಿ ಬೀರುಗಳ ಮಹಡಿಯಲ್ಲಿ. ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಇಂದು ನಾನೇ ಅವರ ಮಾತು; ಮೆಟ್ಟಿಲು ಹತ್ತಿ ಇಳಿದು ಮಂಡಿ ಕಳಚಿತು.

ಬೀರುಗಳ ನಡುವೆ ಚಿಕ್ಕ ಧಣಿ ನಕ್ಕರು. "ನಡುವಿನ ಎರಡು ಪರದೇಲಿ ಇಬ್ಬರೂ ನಿಲ್ಲೋದಾ? ಭೇಷ್. ಈಗಲೇ ಕೋಟು ಹಾಕ್ಕೊಂಡು ಬರ್ತೀನಿ ಅಂತ ಹೇಳು ನಿಮ್ಮ ಧಣಿಗೆ."

ಮಂಚಗಳ ನಡುವೆ ದೊಡ್ಡ ಧಣಿ ಗುಡುಗಿದರು. "ಸರಿಸಮ ನಿಲ್ತಾನಂತಾ? ನಾನು ಅಂಗಡಿ ಬಾಗಿಲು ತೆಗೆಯೋವಾಗ ಅವನಿಗೆ ಚಡ್ಡಿ ಗುಂಡಿ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ ಅಂತ ಹೇಳು."

ಹೇಳಲಿಲ್ಲ. ನಟನಿಗೆ ಯಾವ ಮಾತು ನುಂಗಬೇಕೆಂದು ತಿಳಿದಿರಬೇಕು.

ಒಂದು ಉಪಾಯ ಹೊಳೆದಿದೆ. ದೊಡ್ಡ ಧಣಿ ನಡುವಿನ ಎಡ ಪರದೆಯಲ್ಲಿ ಒಬ್ಬರೇ ನಿಂತು ಬಲಕ್ಕೆ ಮುಖ ಮಾಡಲಿ. ಬಲ ಪರದೆಯಲ್ಲಿ ಅಂಗಡಿಯ ಅತ್ಯುತ್ತಮ ಸೋಫಾ. ತೂಕ ಸರಿಹೋಗುತ್ತದೆ. ನಾಳೆ ಮಾದರಿ ಮಾಡಿ ತೋರಿಸಬೇಕು. ಈ ಹುರುಪಿನಲ್ಲಿ ಎರಡನೆಯ ಪುಟ ಉಳಿಯಿತು. ಬಸ್ಸಿಗೆ ಇನ್ನೂ ಸಮಯವಿದೆ.

ಮಾರ್ಚ್ 13, ಗುರುವಾರ

"ನನ್ನ ಜಾಗದಲ್ಲಿ ಸೋಫಾನಾ?" ಚಿಕ್ಕ ಧಣಿ ಕೆಳಗಿಳಿದು ಬಂದು, ಹಜಾರದ ತುಂಬ ಗಿರಾಕಿಗಳಿರುವಾಗ ಕೇಳಿದರು. "ಒಡಹುಟ್ಟಿದೋನಿಗಿಂತ ಮೂರು ಜನ ಕೂರೋ ಸೋಫಾ ಹೆಚ್ಚಾಯ್ತಾ?"

ಮೇಲಿನ ಮಹಡಿಯ ಕಟಾಂಜನದಿಂದ ದೊಡ್ಡ ಧಣಿಯ ದನಿ, ನನ್ನನ್ನು ಉದ್ದೇಶಿಸಿ: "ಸೋಫಾ ಎದುರು ಮಾತಾಡಲ್ಲ ಅಂತ ಹೇಳಯ್ಯ ಅವನಿಗೆ!"

ಗಿರಾಕಿಗಳು ನಕ್ಕರು. ಚಿಕ್ಕ ಧಣಿಯ ಕಿವಿ ಕೆಂಪಾಯಿತು. ನಾನು ಓಣಿಗೆ ನುಸುಳಿ ಬಾಗಿಲೆಳೆದುಕೊಂಡೆ. ಒಳಗೆ ಬಿಸಿ, ಆದರೆ ಯಾರೂ ಇಲ್ಲ.

ಮಾರ್ಚ್ 14, ಶುಕ್ರವಾರ

ಸೋಫಾದ ಮೇಲೆ ಯಾರೋ ಇಡೀ ಮಧ್ಯಾಹ್ನ ಕೂತಿದ್ದರು. ಹೊರಗೆ ಬರುವ ಅವಸರ ನನಗೂ ಇರಲಿಲ್ಲ. ನಡುಸಾಲಿನ ಏಳನೆಯ ಪರದೆಯ ಬಿಳುಪು ಅದರ ಎಡಕ್ಕಿರುವ ಆರನೆಯದಕ್ಕಿಂತ ತುಸು ಹಳದಿ ಎಂದು ಪತ್ತೆಯಾಯಿತು. ಸರಿಮಾಡಿದೆ.

ಮಾರ್ಚ್ 16, ಭಾನುವಾರ

ಕಂಬ ಬಂದ. ಮಾತು ಒಪ್ಪಿಸು ಅಂದ. ಮೊದಲ ಪುಟ ಹೇಳಿದೆ.

"ಏನೋ ಇದು, ಬ್ಯಾಂಕಿನಲ್ಲಿ ಚೀಟಿ ಸಂಖ್ಯೆ ಕೂಗೋ ಹಾಗೆ ಹೇಳ್ತೀಯ? ನಿನ್ನ ದನಿ ಎಲ್ಲಿ?"

ಅಂಗಡಿಯ ಧೂಳು, ಮೇಲೆ ಬಿಸಿಗಾಳಿ, ಗಂಟಲು ಕಟ್ಟಿದೆ ಅಂದೆ. ಅದೇ ಕಾರಣ.

ಅವನು ಹೋದ ಮೇಲೆ ನನ್ನವಳು ಇನ್ನೊಂದು ರಾಗ ತೆಗೆದಳು. "ಒಂದು ವಾರ ಆಯ್ತು ನೀವು ಮನೇಲಿ ಕೂಗಿ. ಪಕ್ಕದ ಮನೆಯಾಕೆ ಬಂದು ಯಜಮಾನ್ರಿಗೆ ಹುಷಾರಿಲ್ವಾ ಅಂತ ಕೇಳಿದ್ರು."

ಕೂಗಿದರೆ ಕೂಗಿದ ಅನ್ನುತ್ತಾರೆ, ಸುಮ್ಮನಿದ್ದರೆ ಸುಮ್ಮನಿದ್ದ ಅನ್ನುತ್ತಾರೆ.

"ನಿಮ್ಮನ್ನ ಯಾರು ಹಿಡ್ಕೊಂಡಿರೋದು ಹೇಳಿ?" ಅಂದಳು. "ದೊಡ್ಡ ಧಣಿಯಾ? ನಾನು ಬಂದು ಮಾತಾಡ್ಲಾ?"

ಅವಳಿಗೆ ಹೇಗೆ ವಿವರಿಸಲಿ. ಗೆರೆ ಇನ್ನೂ ಎಲ್ಲಿ ಬೀಳಬೇಕೆಂದು ತೀರ್ಮಾನವಾಗಿಲ್ಲ. ಅದಾಗದೆ ಹೇಗೆ ಬಿಟ್ಟು ಬರಲಿ. ಮಾತನಾಡುವಾಗ ಅವಳು ಬಾಗಿಲಿನ ಚೌಕಟ್ಟಿಗೆ ಒರಗಿದ್ದಳು, ಅರ್ಧ ಒಳಗೆ ಅರ್ಧ ಹೊರಗೆ. ಪೂರ್ತಿ ಒಳಗೆ ಬಾ ಅಂದೆ. ಏಕೆ ಅಂದಳು. ಸುಮ್ಮನೆ ಅಂದೆ.

ಮಾರ್ಚ್ 18, ಮಂಗಳವಾರ

ಗಂಟು ಬಿಚ್ಚಿತು. ಬಿಚ್ಚಿದವರು ಅಮ್ಮಾವ್ರು, ಧಣಿಗಳಿಬ್ಬರ ತಾಯಿ.

ಬೆಳಿಗ್ಗೆ ಓಣಿಯಲ್ಲಿದ್ದೆ. ಹೊರಬರಲು ಬಾಗಿಲು ನೂಕಿದರೆ ಸೋಫಾ ಅಡ್ಡ. ಯಾರೋ ಭಾರವಾಗಿ ಕೂತಿದ್ದರು. ಬಾಗಿಲ ಸಂದಿನಲ್ಲಿ ಊರುಗೋಲಿನ ತುದಿ ಕಂಡಿತು.

"ಒಳಗೆ ಯಾರೋ ಇದ್ದೀರಾ?"

"ನಾನಮ್ಮಾ, ಗೋಡೆ ನೋಡ್ಕೊಳ್ಳೋನು."

"ಎಷ್ಟು ಹೊತ್ತಾಯ್ತಪ್ಪಾ?"

"ನೀವು ಕೂತಾಗಿನಿಂದ."

"ಹೇಳೋದಲ್ವೇನಪ್ಪಾ! ನಾನೇನು ಬೆಟ್ಟವಾ, ಎಬ್ಬಿಸಿದ್ರೆ ಏಳ್ತಿದ್ದೆ."

ಹೊರಬಂದೆ. ನನ್ನ ಮಕ್ಕಳ ಜಗಳದ ಗೋಡೆ ತೋರಿಸು ಅಂದರು. ತೋರಿಸಿದೆ. ಐದು, ಮೂರು, ನಾಲ್ಕರ ಕಥೆ ಅವರಿಗೂ ಗೊತ್ತಿತ್ತು. ನಡುವೆ ಯಾರು ನಿಂತರೂ ಗೆರೆ ಮುಖದ ಮೇಲೆ ಬೀಳುತ್ತದೆ, ಎಡಬಲದಲ್ಲಿ ನಿಂತವರ ಮುಖ ಮಾತ್ರ ಪೂರ್ತಿ ಕಾಣುತ್ತದೆ ಎಂದು ವಿವರಿಸಿದೆ. ಅಮ್ಮಾವ್ರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. ಆಮೇಲೆ ಊರುಗೋಲಿನಿಂದ ನೆಲ ಕುಟ್ಟಿ ಮಕ್ಕಳಿಬ್ಬರನ್ನೂ ಕರೆಸಿದರು. ಮಂಚದ ಮಹಡಿಯಿಂದ ಒಬ್ಬರು, ಬೀರುವಿನ ಮಹಡಿಯಿಂದ ಒಬ್ಬರು ಇಳಿದು ಬಂದು ತಾಯಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತರು.

"ಇಲ್ಲಿ ಅವನು, ಇಲ್ಲಿ ಇವನು. ಮಧ್ಯದಲ್ಲಿ ನಾನು ನಿಲ್ತೀನಿ."

"ಅಮ್ಮಾ, ನಿನ್ನ ಮುಖ ಸೀಳಿ ತೋರಿಸ್ಲಾ ಜನಕ್ಕೆ?" ದೊಡ್ಡ ಧಣಿ.

"ತೋರಿಸೋ. ನಿಮ್ಮಪ್ಪ ಹೋದಾಗಿಂದ ನಾನು ನಿಂತಿರೋದು ಎಲ್ಲಿ ಅಂದ್ಕೊಂಡಿದ್ದೀಯ? ಮಧ್ಯಾಹ್ನದ ಊಟ ಇವನ ಮನೇಲಿ, ರಾತ್ರಿ ಊಟ ನಿನ್ನ ಮನೇಲಿ. ಅಲ್ಲಿ ನಕ್ಕಿದ್ದು ಇಲ್ಲಿ ಹೇಳೋ ಹಾಗಿಲ್ಲ, ಇಲ್ಲಿ ಅತ್ತಿದ್ದು ಅಲ್ಲಿ ಹೇಳೋ ಹಾಗಿಲ್ಲ. ಈ ಗೆರೆ ನನಗೇನು ಹೊಸದಾ?"

ಒಬ್ಬ ಗಿರಾಕಿ ಕುರ್ಚಿ ಎಳೆದದ್ದು ದೊಡ್ಡದಾಗಿ ಕೇಳಿಸಿತು.

ಅಮ್ಮಾವ್ರು ಗಿಡ್ಡ. ಮೇಲಿನ ಅಡ್ಡ ಸಂದು ಅವರ ತಲೆಗೆ ತಾಗುವುದಿಲ್ಲ. ಒಳ್ಳೆಯದೇ ಆಯಿತು.

ಮಾರ್ಚ್ 20, ಗುರುವಾರ

ಚಿತ್ರೀಕರಣ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದು ಮೂವರನ್ನೂ ನಿಲ್ಲಿಸಿದೆ. ಅಮ್ಮಾವ್ರ ಮೂಗು ಸರಿಯಾಗಿ ಗೆರೆಯ ಮೇಲೆ. ದೊಡ್ಡ ಧಣಿಯ ಎಡಗೈ ಅವರ ಒಂದು ಭುಜದ ಮೇಲೆ, ಚಿಕ್ಕ ಧಣಿಯ ಬಲಗೈ ಇನ್ನೊಂದರ ಮೇಲೆ. ಚೆನ್ನಾಗಿ ಹೊಂದಿತು. ಅಮ್ಮಾವ್ರಿಗೆ ನಿಂತು ಸುಸ್ತಾಯಿತು. ಇನ್ನೊಂದು ಸಲ ಅಂದೆ. ನಿಂತರು.

ಮನೆಯಲ್ಲಿ ನನ್ನವಳು ಚೀಲ ಹೊರತೆಗೆದು ಬಿಸಿಲಿಗೆ ಇಟ್ಟಿದ್ದಾಳೆ.

ಮಾರ್ಚ್ 22, ಶನಿವಾರ

ಸಮಾರಂಭ ಮುಗಿಯಿತು. ಹಜಾರ ತುಂಬಿತ್ತು. ಗೋಡೆ ಹೊತ್ತಿತು. ಹನ್ನೆರಡೂ ಉರಿದವು. ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ, ನಡುವೆ ಅಮ್ಮಾವ್ರು. ಹತ್ತಿರ ಇದ್ದವರು ಗುಸುಗುಸು ಅಂದರು, ಹಿಂದಿನವರು ಕತ್ತೆತ್ತಿ ನೋಡಿದರು.

ಅಣ್ಣತಮ್ಮಂದಿರಿಬ್ಬರೂ ಗೋಡೆಯ ಮುಂದೆ ನಿಂತಿದ್ದರು. ನಾನು ಅವರ ಹಿಂದಿದ್ದೆ.

"ಅಮ್ಮನ ಮುಖ ಕಾಣ್ತಿಲ್ಲ ಕಣೋ" ಅಂದರು ದೊಡ್ಡ ಧಣಿ. ನನಗೆ ಹೇಳಿದ್ದಲ್ಲ. ನೇರವಾಗಿ ತಮ್ಮನಿಗೇ.

"ನಂಗೂ ಕಾಣ್ತಿಲ್ಲ ಅಣ್ಣ."

ಇಬ್ಬರೂ ಗೋಡೆ ಬಿಟ್ಟು, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ತಾಯಿಯ ಕಡೆಗೆ ನಡೆದರು. ಆಮೇಲೆ ಅಲ್ಲಿ ಏನೋ ಅಳು, ಏನೋ ನಗು. ನಾನು ಅತ್ತ ನೋಡಲಿಲ್ಲ. ಗೋಡೆಯ ಚಿತ್ರದಲ್ಲಿ ಅಮ್ಮಾವ್ರ ಬಲಗಡೆಯ ಭುಜ ಎಡಗಡೆಯದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಏಳನೆಯ ಪರದೆ ತುಸು ಜಗ್ಗಿದೆ.

ಊಟದ ಹೊತ್ತಿಗೆ ದೊಡ್ಡ ಧಣಿ ನನ್ನನ್ನು ತಬ್ಬಿಕೊಂಡರು. ಕಣ್ಣು ಒದ್ದೆಯಾಗಿತ್ತು. "ಮಾತು ಕೊಟ್ಟಿದ್ದೆ. ನಾಳೆಯಿಂದ ನೀನು ಸ್ವತಂತ್ರ ಕಣಯ್ಯಾ. ಸೋಮವಾರ ಬೇರೆಯವರು ಬರ್ತಾರೆ. ಹೋಗಿ ಚೆನ್ನಾಗಿ ಗರ್ಜಿಸು."

"ಆ ಭುಜ ಒಂದು ಸರಿಮಾಡಿಬಿಡ್ತೀನಿ ಧಣಿ."

"ಯಾವ ಭುಜ?"

ತೋರಿಸಿದೆ. ಅವರಿಗೆ ಕಾಣಲಿಲ್ಲ. ಚಿಕ್ಕ ಧಣಿಗೂ ಕಾಣಲಿಲ್ಲ. ಬೀಗದ ಕೈ ಇನ್ನೊಂದು ದಿನ ನನ್ನ ಹತ್ತಿರ ಇರಲಿ ಎಂದು ಕೇಳಿ ಇಟ್ಟುಕೊಂಡೆ.

ಮಾರ್ಚ್ 23, ಭಾನುವಾರ

ಅಂಗಡಿಗೆ ರಜೆ. ಬೆಳಿಗ್ಗೆ ಬೇಗ ಹೋಗಿ ಗೋಡೆಯನ್ನು ಆರಿಸಿದೆ. ಪರದೆ ಅಲುಗಿಸುವಾಗ ಆರಿಸಿರಬೇಕು. ಗೋಡೆಯ ಮುಂದೆ ನಿಂತು ಏಳನೆಯದರ ತಿರುಪು ಸಡಿಲಿಸಿ ಎತ್ತುತ್ತಿದ್ದೆ.

ಬಾಗಿಲ ಸದ್ದಾಯಿತು. ಆರಿದ ಪರದೆ ಕಪ್ಪು ಕನ್ನಡಿಯ ಹಾಗೆ; ತಿರುಗದೆಯೇ ಹಿಂದಿನದೆಲ್ಲ ಕಾಣುತ್ತದೆ. ಹಜಾರದ ಸಾಲು ಸಾಲು ಕುರ್ಚಿಗಳು, ಅವುಗಳ ನಡುವೆ ಕಂಬ. ಅವನ ಹಿಂದೆ ನನ್ನವಳು, ಕೈಯಲ್ಲಿ ಚೀಲ.

"ಬಸ್ಸು ಹೊರಗೆ ನಿಂತಿದೆ ಕಣೋ. ಎಲ್ರೂ ಕಾಯ್ತಿದಾರೆ."

"ಒಂದೇ ತಿರುಪು."

"ನಿಮ್ಮ ಬಟ್ಟೆ ಎಲ್ಲ ಇಟ್ಟಿದ್ದೀನಿ" ಅಂದಳು ನನ್ನವಳು. "ಗಂಟಲಿಗೆ ಜೇನುತುಪ್ಪಾನೂ ಇಟ್ಟಿದ್ದೀನಿ. ಏಳಿ."

"ಒಂದೇ ತಿರುಪು ಅಂದೆನಲ್ಲ."

ಕಂಬ ಹತ್ತಿರ ಬಂದ. "ಆಯ್ತು, ಬಿಡು. ಇಷ್ಟೊಂದು ಕುರ್ಚಿ ಇದೆ. ಇಷ್ಟು ದೊಡ್ಡ ಹಜಾರ ನಮಗೆ ಯಾವ ಊರಲ್ಲೂ ಸಿಗಲ್ಲ. ಒಂದೇ ಒಂದು ಮಾತು ಕೂಗಿಬಿಡು. ನ್ಯಾಯಾಧೀಶನ ಮೊದಲ ಮಾತು. ಅದು ಬಂದ್ರೆ ಸಾಕು, ಮಿಕ್ಕಿದ್ದು ಬಸ್ಸಿನಲ್ಲಿ ಕಲೀಬಹುದು."

ಬಾಯಿ ತೆರೆದೆ. ಕಪ್ಪು ಗಾಜಿನಲ್ಲಿ ಅವನು ನಟ್ಟನಡುವೆ ನಿಂತಿದ್ದ. ಗೆರೆ ಅವನ ನೆತ್ತಿಯಿಂದ ಗಲ್ಲದವರೆಗೆ ಇಳಿದಿತ್ತು. ಒಂದು ಕಣ್ಣು ಆರನೆಯ ಪರದೆಯಲ್ಲಿ, ಇನ್ನೊಂದು ಏಳನೆಯದರಲ್ಲಿ.

"ಒಂಚೂರು ಎಡಕ್ಕೆ ಸರಿ" ಅಂದೆ.

ಅವನು ತಿರುಗಿ ನನ್ನವಳ ಮುಖ ನೋಡಿದ. ಆಮೇಲೆ ಎಡಕ್ಕೆ ಸರಿದ. ಮುಖ ಆರನೆಯ ಪರದೆಯೊಳಗೆ ಪೂರ್ತಿ ಬಂತು. ಸಾಕು ಅಂದೆ. ಅವನು ನಿಲ್ಲಲಿಲ್ಲ. ಇನ್ನೂ ಎಡಕ್ಕೆ ಹೋದ. ಐದನೆಯ ಪರದೆಗೆ ದಾಟಿದ, ಅದರ ಅಂಚಿಗೆ ಬಂದ. ಅಂಗಡಿಯ ಹೊರಬಾಗಿಲು ಆ ಕಡೆಗೇ ಇದೆ. ಹೊರಗೆ ಬಸ್ಸು ಎರಡು ಸಲ ಕೂಗಿತು, ಆಮೇಲೆ ಸದ್ದು ದೂರವಾಯಿತು.

ನನ್ನವಳು ಹೋಗಲಿಲ್ಲ. ಮೊದಲ ಸಾಲಿನ ಕುರ್ಚಿಯೊಂದರಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಲೆಯಿಂದ ಮಂಡಿಯವರೆಗೆ, ಎಲ್ಲೂ ಗೆರೆ ಬೀಳದ ಹಾಗೆ, ಒಂದೇ ಪರದೆಯೊಳಗೆ ಇಡಿಯಾಗಿ ಹೊಂದಿದ್ದಳು. ಮುಖ ಒರೆಸಿಕೊಳ್ಳಲು ಕೈ ಎತ್ತಿದಳು.

ಅಲ್ಲಾಡಬೇಡ ಅಂದೆ.